ಸೆಕೆಂಡಿಗೆ ಹದಿನಾಲ್ಕು ಮಿಂಚು

ಅಮೆರಿಕದ ಚಾಲಕರಲ್ಲಿ ಹಳೆಯ ನಂಬಿಕೆಯೊಂದಿದೆ. ಕೆಂಪು ದೀಪದೆದುರು ನಿಂತಾಗ ಕಾರಿನ ಹೆಡ್‌ಲೈಟನ್ನು ಪಟಪಟನೆ ಹೊತ್ತಿಸಿ ಆರಿಸಿದರೆ ಸಿಗ್ನಲ್ ಬೇಗ ಹಸಿರಾಗುತ್ತದೆ ಎನ್ನುವುದು ಅದು. ನಡುರಾತ್ರಿ ಖಾಲಿ ಜಂಕ್ಷನ್ನಿನಲ್ಲಿ ಹಾಗೆ ಮಾಡಿ, ಅದೇ ಹೊತ್ತಿಗೆ ಹಸಿರು ಬರಬೇಕಾಗಿದ್ದರಿಂದ ಬಂದು, ನಂಬಿಕೆ ಗಟ್ಟಿಯಾದವರು ಬಹಳ ಮಂದಿ. ಹೆಡ್‌ಲೈಟಿಗೆ ಆ ಶಕ್ತಿ ಇಲ್ಲ. ಹಾಗಂತ ಆ ನಂಬಿಕೆ ಬುಡವಿಲ್ಲದೆ ಹುಟ್ಟಿದ್ದೂ ಅಲ್ಲ. ಆ ದೇಶದ ಸಾವಿರಾರು ಸಿಗ್ನಲ್‌ಗಳ ಅಡ್ಡಕಂಬದ ಮೇಲೆ ಗೇಣುದ್ದದ ಒಂದು ಕೊಳವೆ ರಸ್ತೆಯ ಕಡೆಗೆ ಮುಖ ಮಾಡಿ ಕೂತಿರುತ್ತದೆ. ಅದು ಕ್ಯಾಮೆರಾ ಅಲ್ಲ. ಒಂದೇ ಒಂದು ಬಗೆಯ ಬೆಳಕಿಗಾಗಿ ಕಾಯುವ ಕಣ್ಣು ಅದು. ಆ ಬೆಳಕು ಕಂಡೊಡನೆ ಸಿಗ್ನಲ್ ತನ್ನ ಸರದಿಯನ್ನು ಮುರಿದು ದಾರಿ ಬಿಡುತ್ತದೆ. ಆ ಬೆಳಕು ಇರುವುದು ಅಗ್ನಿಶಾಮಕ ವಾಹನಗಳ ಮತ್ತು ಆಂಬುಲೆನ್ಸ್‌ಗಳ ನೆತ್ತಿಯ ಮೇಲೆ.

ಸಿಗ್ನಲ್ಲಿಗೂ ಬೆಂಕಿ ಆರಿಸುವವರಿಗೂ ಇರುವ ನಂಟು ವಿದ್ಯುತ್ ಸಿಗ್ನಲ್ಲಿನಷ್ಟೇ ಹಳೆಯದು. 1914ರ ಆಗಸ್ಟ್ 5ರಂದು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಯೂಕ್ಲಿಡ್ ಅವೆನ್ಯೂ ಮತ್ತು 105ನೇ ಬೀದಿ ಸೇರುವಲ್ಲಿ, ಕೆಂಪು ಮತ್ತು ಹಸಿರು ದೀಪಗಳ ವಿದ್ಯುತ್ ಸಿಗ್ನಲ್ ಕೆಲಸ ಶುರುಮಾಡಿತು. ಅದು ಜೇಮ್ಸ್ ಹೋಗ್ ಎಂಬುವವರ ವಿನ್ಯಾಸ. ತುರ್ತು ಸಂದರ್ಭದಲ್ಲಿ ಪೊಲೀಸರೂ ಅಗ್ನಿಶಾಮಕ ದಳದವರೂ ದೀಪಗಳನ್ನು ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳುವ ಏರ್ಪಾಟು ಆ ವಿನ್ಯಾಸದೊಳಗೇ ಇತ್ತು. ಎಲ್ಲರಿಗೂ ಒಂದೇ ನಿಯಮ ಎಂದು ಸಾರುವ ಯಂತ್ರವನ್ನು ಕಟ್ಟುವಾಗಲೇ, ಆ ನಿಯಮವನ್ನು ಯಾರಿಗಾಗಿ ಮುರಿಯಬೇಕು ಎಂದೂ ಅವರು ಯೋಚಿಸಿದ್ದರು. ಅವರ ಮುಂದಾಲೋಚನೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಇದೇ.

ಮುಂದಿನ ದಶಕಗಳಲ್ಲಿ ಈ ಏರ್ಪಾಟು ತಂತಿಗಳ ಮೂಲಕ ನಡೆಯಿತು. ಅಗ್ನಿಶಾಮಕ ಠಾಣೆಯ ಗೋಡೆಯ ಮೇಲೊಂದು ಗುಂಡಿ. ಕರೆ ಬಂದಾಗ ಅದನ್ನು ಒತ್ತಿ ಹೊರಟರೆ ಠಾಣೆಯೆದುರಿನ ಜಂಕ್ಷನ್ನಿನಲ್ಲಿ ಅಡ್ಡ ಬರುವವರಿಗೆಲ್ಲ ಕೆಂಪು ದೀಪ ಬೀಳುತ್ತಿತ್ತು. ಆದರೆ ತಂತಿ ತಲುಪುವುದು ಒಂದೆರಡು ಸಿಗ್ನಲ್‌ಗಳಿಗೆ. ಅದರಾಚೆ ಸೈರನ್ನೇ ಗತಿ.

ಸೈರನ್ನಿನ ಮೇಲೆ ಎಷ್ಟು ಭರವಸೆ ಇಡಬಹುದು? ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾಜು ಏರಿಸಿ, ಏಸಿ ಹಾಕಿ, ಹಾಡು ಹಚ್ಚಿಕೊಂಡು ಕೂತವನಿಗೆ ಉಳಿದದ್ದರಲ್ಲೂ ಬಹುಪಾಲು ಕೇಳುವುದಿಲ್ಲ. ಕೇಳಿದರೂ ಎತ್ತರದ ಕಟ್ಟಡಗಳ ನಡುವೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಬರುವುದರಿಂದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಜಂಕ್ಷನ್ನಿನಲ್ಲಿ ಇದು ಇನ್ನೂ ಅಪಾಯಕರ. ಸೈರನ್ ತನ್ನ ಸದ್ದನ್ನು ಎಸೆಯುವುದು ಮುಖ್ಯವಾಗಿ ಮುಂದಕ್ಕೆ. ಆಂಬುಲೆನ್ಸ್‌ಗೆ ಡಿಕ್ಕಿ ಹೊಡೆಯಬಲ್ಲ ವಾಹನ ಬರುವುದು ಪಕ್ಕದ ಬೀದಿಯಿಂದ, ಮೂಲೆಯ ಕಟ್ಟಡದ ಮರೆಯಿಂದ, ತನಗೆ ಹಸಿರಿದೆ ಎಂಬ ಪೂರ್ತಿ ನಂಬಿಕೆಯಲ್ಲಿ. ಒಂದೇ ಬೆಂಕಿಗೆ ಎರಡು ದಿಕ್ಕಿನಿಂದ ಓಡುವ ಎರಡು ಅಗ್ನಿಶಾಮಕ ವಾಹನಗಳು ಒಂದಕ್ಕೊಂದು ಗುದ್ದಿಕೊಂಡದ್ದೂ ಇದೆ. ಇಬ್ಬರು ಚಾಲಕರಿಗೂ ಕೇಳಿಸುವುದು ಅವರವರ ತಲೆಯ ಮೇಲಿನ ಸೈರನ್ ಮಾತ್ರ. ಜನರನ್ನು ಉಳಿಸಲು ಹೊರಟವರು ದಾರಿಯಲ್ಲೇ ಪ್ರಾಣ ಬಿಡುವ, ಪ್ರಾಣ ತೆಗೆಯುವ ಸ್ಥಿತಿ ಇದು.

ಪರಿಹಾರ ಬಂದದ್ದು ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಿಂದ. ಮರಳುಕಾಗದಕ್ಕೂ ಅಂಟುಟೇಪಿಗೂ ಹೆಸರಾದ ತ್ರೀಎಂ ಕಂಪನಿ ಬೆಳೆದ ಊರು ಅದು. 1960ರ ದಶಕದ ಕೊನೆಯಲ್ಲಿ ಆ ಕಂಪನಿಯ ಎಂಜಿನಿಯರುಗಳು ‘ಆಪ್ಟಿಕಾಮ್’ ಎಂಬ ಸಾಧನ ರೂಪಿಸಿದರು. ಸೇಂಟ್ ಪಾಲ್ 1969ರಿಂದ ಅದನ್ನು ತನ್ನ ಸಿಗ್ನಲ್‌ಗಳಿಗೆ ಜೋಡಿಸತೊಡಗಿತು. ವಾಹನದ ಮೇಲೆ ಕ್ಸೆನಾನ್ ಅನಿಲ ತುಂಬಿದ ಮಿಂಚುದೀಪ, ಕಂಬದ ಮೇಲೆ ಆ ಮಿಂಚನ್ನು ಗುರುತಿಸುವ ಕೊಳವೆ. ಸಾಧನವೆಂದರೆ ಇಷ್ಟೇ. ಕ್ಸೆನಾನ್ ಮಿಂಚುದೀಪ ಆ ಹೊತ್ತಿಗೆ ಹೊಸದಾಗಿರಲಿಲ್ಲ. ಎಂಐಟಿಯ ಹೆರಾಲ್ಡ್ ಎಡ್ಜರ್‌ಟನ್ 1930ರ ದಶಕದಿಂದಲೇ ಅಂಥ ದೀಪಗಳ ಬೆಳಕಿನಲ್ಲಿ ಹಾರುವ ಗುಂಡನ್ನೂ ಸಿಡಿಯುವ ಹಾಲಿನ ಹನಿಯನ್ನೂ ಚಿತ್ರದಲ್ಲಿ ಹಿಡಿದಿದ್ದರು. ಕೆಪಾಸಿಟರ್‌ನಲ್ಲಿ ವಿದ್ಯುತ್ತನ್ನು ಕೂಡಿಟ್ಟು ಒಮ್ಮೆಲೇ ಅನಿಲದ ಮೂಲಕ ಹರಿಸಿದರೆ ಕಣ್ಣು ಕೋರೈಸುವ, ಕ್ಷಣದಲ್ಲಿ ಮುಗಿಯುವ ಬೆಳಕು ಹುಟ್ಟುತ್ತದೆ.

ನಿಜವಾದ ಸವಾಲು ಇದ್ದದ್ದು ಕಂಬದ ಮೇಲಿನ ಕಣ್ಣಿಗೆ. ಹಗಲಲ್ಲಿ ಸೂರ್ಯನ ಬೆಳಕು ಅದರ ಮೇಲೆ ಸುರಿಯುತ್ತದೆ. ರಾತ್ರಿ ನೂರಾರು ಹೆಡ್‌ಲೈಟುಗಳು, ನಿಯಾನ್ ಫಲಕಗಳು, ಬೀದಿದೀಪಗಳು. ಇವುಗಳ ನಡುವೆ ಮುಕ್ಕಾಲು ಕಿಲೋಮೀಟರ್ ದೂರದ ಒಂದು ದೀಪವನ್ನು ಅದು ಗುರುತಿಸಬೇಕು. ಬೆಳಕು ಎಷ್ಟು ಪ್ರಖರ ಎಂದು ಅಳೆದು ಇದನ್ನು ಮಾಡಲಾಗದು. ಅದಕ್ಕೇ ಎಂಜಿನಿಯರುಗಳು ಪ್ರಖರತೆಯನ್ನು ಬಿಟ್ಟು ಲಯವನ್ನು ಹಿಡಿದರು. ಸೂರ್ಯನ ಬೆಳಕು ಒಂದೇ ಸಮನಾಗಿರುತ್ತದೆ, ಏರಿಳಿಯುವುದಿಲ್ಲ. ಸರ್ಕ್ಯೂಟು ಮೊದಲು ಅದನ್ನು ಸೋಸಿ ತೆಗೆಯುತ್ತದೆ. ಬೀದಿದೀಪಗಳು ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ, ಅಮೆರಿಕದಲ್ಲಿ ಸೆಕೆಂಡಿಗೆ 120 ಸಲ, ಮಿನುಗುತ್ತವೆ, ಅದನ್ನೂ ಬಿಡಬಹುದು. ಕೊನೆಗೆ ಉಳಿಯುವುದು ಥಟ್ಟನೆ ಏರಿ ಥಟ್ಟನೆ ಇಳಿಯುವ ಮಿಂಚುಗಳು. ಅವು ನಿಗದಿತ ಅಂತರದಲ್ಲಿ ಬರುತ್ತಿವೆಯೇ ಎಂದು ಸರ್ಕ್ಯೂಟು ಎಣಿಸುತ್ತದೆ. ತುರ್ತು ವಾಹನಕ್ಕೆ ಗೊತ್ತುಮಾಡಿದ ಲಯ ಸೆಕೆಂಡಿಗೆ ಸುಮಾರು 14 ಮಿಂಚು, ಅಂದರೆ ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವೆ ಸುಮಾರು 71 ಮಿಲಿಸೆಕೆಂಡು. ನಗರ ಸಾರಿಗೆ ಬಸ್ಸುಗಳಿಗೆ ಇದಕ್ಕಿಂತ ನಿಧಾನದ ಲಯ, ಸೆಕೆಂಡಿಗೆ ಹತ್ತಕ್ಕೂ ತುಸು ಕಡಿಮೆ. ತಾಳ ಹಾಕುತ್ತ ಕೂತ ಕೇಳುಗನಿಗೆ ಗಾಯಕನ ತಪ್ಪಿದ ಒಂದು ಪೆಟ್ಟು ಥಟ್ಟನೆ ತಿಳಿಯುವಂತೆ, ಈ ಸರ್ಕ್ಯೂಟಿಗೆ ಅಂತರ ತುಸು ಹೆಚ್ಚುಕಡಿಮೆಯಾದರೂ ತಿಳಿಯುತ್ತದೆ. ಕೈಯಿಂದ ಹೆಡ್‌ಲೈಟ್ ಸ್ವಿಚ್ ಒತ್ತುವವರು ಸೆಕೆಂಡಿಗೆ ನಾಲ್ಕೈದು ಸಲ ಒತ್ತಿಯಾರು. ಸೆಕೆಂಡಿಗೆ ಹದಿನಾಲ್ಕು ಸಲ, ಅದೂ ಲಯ ತಪ್ಪದೆ ಒತ್ತುವ ಕೈ ಇನ್ನೂ ಹುಟ್ಟಿಲ್ಲ.

ಮುಂದೆ ಇದೇ ಲಯದ ನಡುವೆ ಹೆಚ್ಚುವರಿ ಮಿಂಚುಗಳನ್ನು ಸೇರಿಸಿ ಪ್ರತಿ ವಾಹನಕ್ಕೂ ಗುರುತಿನ ಸಂಖ್ಯೆ ಕೊಟ್ಟರು. ಮಿಂಚುದೀಪಕ್ಕೆ ಶೋಧಕ ಹಾಕಿ, ಕಣ್ಣಿಗೆ ಕಾಣುವ ಬೆಳಕನ್ನು ತಡೆದು, ಅವಕೆಂಪು ಕಿರಣ ಮಾತ್ರ ಹೊರಬರುವಂತೆಯೂ ಮಾಡಿದರು. ಬೇರೆಯವರು ಬೇರೆ ದಾರಿ ಹಿಡಿದರು. ಸೈರನ್ನಿನ ಸದ್ದನ್ನೇ ಗುರುತಿಸುವ ಮೈಕ್ರೊಫೋನುಗಳು ಬಂದವು. ರೇಡಿಯೊ ಮತ್ತು ಜಿಪಿಎಸ್ ಬಳಸುವ ವ್ಯವಸ್ಥೆಗಳೂ ಬಂದವು. ಜಪಾನಿನಲ್ಲಿ ರಸ್ತೆಯ ಮೇಲಿನ ಅವಕೆಂಪು ಸಂಕೇತಕಗಳ ಮೂಲಕ ‘ಫಾಸ್ಟ್’ ಎಂಬ ವ್ಯವಸ್ಥೆ ಇದೇ ಕೆಲಸ ಮಾಡುತ್ತದೆ. ಕಣ್ಣೋ ಕಿವಿಯೋ ರೇಡಿಯೊವೋ, ಯಾವುದಾದರೂ ಮಾಡುವುದು ಒಂದು ಕೋರಿಕೆಯನ್ನು ರಸ್ತೆಬದಿಯ ಪೆಟ್ಟಿಗೆಗೆ ತಲುಪಿಸುವುದನ್ನು ಮಾತ್ರ. ತೀರ್ಮಾನ ಆ ಪೆಟ್ಟಿಗೆಯದು.

ಆ ಪೆಟ್ಟಿಗೆಯನ್ನು ನಾವ್ಯಾರೂ ಗಮನಿಸುವುದಿಲ್ಲ. ಜಂಕ್ಷನ್ನಿನ ಮೂಲೆಯಲ್ಲಿ, ಮೈಮೇಲೆ ಭಿತ್ತಿಪತ್ರ ಅಂಟಿಸಿಕೊಂಡು ನಿಂತಿರುವ ಲೋಹದ ಕಪಾಟು ಅದು. ಒಳಗೆ ಕಂಟ್ರೋಲರ್ ಎಂಬ ಸಣ್ಣ ಕಂಪ್ಯೂಟರ್ ಇರುತ್ತದೆ. ಕೋರಿಕೆ ಬಂದ ಕೂಡಲೇ ಅದು ಹಸಿರು ಹೊತ್ತಿಸಿಬಿಡುವುದಿಲ್ಲ. ಅಡ್ಡ ರಸ್ತೆಯಲ್ಲಿ ಆಗ ಹಸಿರಿದ್ದರೆ ಅದನ್ನು ಮುಗಿಸಿ, ಹಳದಿ ತೋರಿಸಬೇಕು. ಹಳದಿಯ ಅವಧಿ ವೇಗಕ್ಕೆ ತಕ್ಕಂತೆ ಮೂರರಿಂದ ಆರು ಸೆಕೆಂಡು. ಆಮೇಲೆ ಒಂದೆರಡು ಸೆಕೆಂಡು ಎಲ್ಲ ದಿಕ್ಕಿಗೂ ಕೆಂಪು. ಅಮೆರಿಕದ ಸಿಗ್ನಲ್ ನಿಯಮ ಇಲ್ಲಿ ಕಟ್ಟುನಿಟ್ಟು: ಬರುತ್ತಿರುವುದು ಯಾರೇ ಆಗಲಿ, ಹಳದಿಯನ್ನಾಗಲಿ ಆಮೇಲಿನ ಕೆಂಪನ್ನಾಗಲಿ ಮೊಟಕುಗೊಳಿಸುವಂತಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಕಾರಿಗೆ ನಿಲ್ಲಲು ಬೇಕಾದ ದೂರ ಆಂಬುಲೆನ್ಸ್ ಬಂತೆಂದು ಕಡಿಮೆಯಾಗುವುದಿಲ್ಲವಲ್ಲ.

ಪಾದಚಾರಿಗಳ ವಿಷಯದಲ್ಲಿ ಅದೇ ನಿಯಮ ಸಡಿಲವಾಗಿದೆ. ನಡೆಯಲು ಅನುಮತಿ ನೀಡುವ ಅವಧಿಯನ್ನೂ, ರಸ್ತೆಗಿಳಿದವರು ದಾಟಿ ಮುಗಿಸಲು ಕೊಡುವ ಅವಧಿಯನ್ನೂ ಬೇಕಾದರೆ ಕಡಿತಗೊಳಿಸಬಹುದು ಎನ್ನುತ್ತದೆ. ಇದನ್ನು ನಾನು ಒಪ್ಪಲಾರೆ. ಅಲ್ಲಿನ ಲೆಕ್ಕದಲ್ಲಿ ಪಾದಚಾರಿಯ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು. 20 ಮೀಟರ್ ಅಗಲದ ರಸ್ತೆ ದಾಟಲು ಹತ್ತಿರಹತ್ತಿರ 19 ಸೆಕೆಂಡು ಬೇಕು. ಮಂಡಿನೋವಿನ ಅಜ್ಜಿಗೆ ಅದೂ ಸಾಲದು. ಒಬ್ಬರ ಪ್ರಾಣ ಉಳಿಸಲು ಹೊರಟ ವಾಹನದೆದುರು ಇನ್ನೊಬ್ಬರನ್ನು ನಡುರಸ್ತೆಯಲ್ಲಿ ನಿಲ್ಲಿಸುವ ಹಕ್ಕು ಯಾವ ಯಂತ್ರಕ್ಕೂ ಇರಬಾರದು. ಕೋರಿಕೆ ಸಾಕಷ್ಟು ಮೊದಲೇ ತಲುಪುವಂತೆ ವ್ಯವಸ್ಥೆ ಕಟ್ಟಿದರೆ ಆ ಸೆಕೆಂಡುಗಳನ್ನು ಕದಿಯುವ ಅಗತ್ಯವೂ ಬೀಳುವುದಿಲ್ಲ.

ಅದೇ ಕಪಾಟಿನಲ್ಲಿ ಇನ್ನೊಂದು ಸಾಧನವಿದೆ. ಕಂಟ್ರೋಲರಿನ ಮಾತನ್ನು ಅದು ನಂಬುವುದಿಲ್ಲ. ದೀಪಗಳಿಗೆ ಹೋಗುವ ತಂತಿಗಳಲ್ಲಿ ನಿಜವಾಗಿ ಎಷ್ಟು ವೋಲ್ಟೇಜ್ ಇದೆ ಎಂದು ತಾನೇ ನೋಡುತ್ತಿರುತ್ತದೆ. ಪರಸ್ಪರ ಅಡ್ಡ ಬರುವ ಎರಡು ದಿಕ್ಕಿಗೆ ಏಕಕಾಲಕ್ಕೆ ಹಸಿರು ಹೋದದ್ದು ಕಂಡರೆ ಅರ್ಧ ಸೆಕೆಂಡಿನೊಳಗೆ ಕಂಟ್ರೋಲರಿನ ಕೈಯಿಂದ ಅಧಿಕಾರ ಕಿತ್ತುಕೊಂಡು ಎಲ್ಲ ದಿಕ್ಕಿಗೂ ಮಿನುಗುವ ಕೆಂಪು ಹಾಕಿಬಿಡುತ್ತದೆ. 2014ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅಧಿಕಾರಿಗಳ ಅನುಮತಿ ಪಡೆದು ಒಂದು ಊರಿನ ಸುಮಾರು ನೂರು ಸಿಗ್ನಲ್‌ಗಳ ಜಾಲಕ್ಕೆ ನುಗ್ಗಿ ನೋಡಿದರು. ರೇಡಿಯೊ ಸಂಪರ್ಕಕ್ಕೆ ಗೂಢಲಿಪಿಯ ರಕ್ಷಣೆ ಇರಲಿಲ್ಲ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನು ಯಾರೂ ಬದಲಾಯಿಸಿರಲಿಲ್ಲ. ದೀಪಗಳನ್ನು ತಮಗೆ ಬೇಕಾದಂತೆ ಬದಲಾಯಿಸಲು ಅವರಿಗೆ ಸಾಧ್ಯವಾಯಿತು. ಆದರೆ ನಾಲ್ಕೂ ಕಡೆ ಹಸಿರು ಹೊತ್ತಿಸಿ ವಾಹನಗಳನ್ನು ಗುದ್ದಿಸುವುದು ಸಾಧ್ಯವಿರಲಿಲ್ಲ, ಈ ಕಾವಲುಗಾರ ಅಡ್ಡ ನಿಂತಿತ್ತು. ಸಾಫ್ಟ್‌ವೇರ್‌ನ ಮಾತಿಗೆ ಬಗ್ಗದ, ತಂತಿಗಳಿಂದ ಕಟ್ಟಿದ ಹಳೆಯ ಕಾಲದ ಸಾಧನವೊಂದು ಜನರನ್ನು ಕಾಯುತ್ತಿದೆ ಎಂಬುದು ನಮ್ಮ ಊರುಗಳಲ್ಲಿ ಹೊಸ ಸಿಗ್ನಲ್ ಕೊಳ್ಳುವವರೂ ನೆನಪಿಡಬೇಕಾದ ಸಂಗತಿ.

ದುರುಪಯೋಗದ ಕಥೆ ಇದಕ್ಕಿಂತ ಹಳೆಯದು. ಲಯದ ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. 2000ದ ದಶಕದ ಆರಂಭದಲ್ಲಿ ಅದೇ ಲಯದಲ್ಲಿ ಅವಕೆಂಪು ಮಿಂಚು ಹೊಮ್ಮಿಸುವ ಸಣ್ಣ ಪೆಟ್ಟಿಗೆಗಳು ಕೆಲವು ನೂರು ಡಾಲರಿಗೆ ಸಾರ್ವಜನಿಕರ ಕೈಗೇ ಸಿಗತೊಡಗಿದವು. ಕಾರಿನ ಮುಂದುಗಡೆ ಇಟ್ಟುಕೊಂಡರೆ ದಾರಿಯುದ್ದಕ್ಕೂ ಹಸಿರು. ಅಮೆರಿಕದ ಸಂಸತ್ತು 2005ರಲ್ಲಿ ಕಾನೂನು ತಂದು ಇಂಥ ಸಾಧನವನ್ನು ಅನಧಿಕೃತರಿಗೆ ಮಾರುವವರಿಗೆ ಒಂದು ವರ್ಷದವರೆಗೆ, ಬಳಸುವವರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಿತು. ವಾಹನಕ್ಕೆ ಗುರುತಿನ ಸಂಖ್ಯೆ ಕೊಡುವ ಪದ್ಧತಿಗೆ ಬೆಲೆ ಬಂದದ್ದು ಇಂಥ ಕಾರಣಗಳಿಗೇ. ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಪೆಟ್ಟಿಗೆ ಕದಲುವುದಿಲ್ಲ.

ಎರಡು ತುರ್ತು ವಾಹನಗಳು ಎರಡು ದಿಕ್ಕಿನಿಂದ ಒಟ್ಟಿಗೆ ಬಂದರೆ? ಸಾಮಾನ್ಯವಾಗಿ ಮೊದಲು ಕೋರಿದವರಿಗೆ ಮೊದಲು. ಇನ್ನೊಬ್ಬರಿಗೆ ಅದು ತಿಳಿಯಲೆಂದು ಅನೇಕ ಊರುಗಳಲ್ಲಿ ಸಿಗ್ನಲ್ಲಿನ ಪಕ್ಕ ಒಂದು ಬಿಳಿ ದೀಪ ಇರುತ್ತದೆ. ಅದು ಸ್ಥಿರವಾಗಿ ಉರಿಯುತ್ತಿದೆಯೋ ಮಿನುಗುತ್ತಿದೆಯೋ ಎಂಬುದನ್ನು ನೋಡಿ, ಜಂಕ್ಷನ್ ತನ್ನ ವಶದಲ್ಲಿದೆಯೋ ಬೇರೆಯವರ ವಶದಲ್ಲಿದೆಯೋ ಎಂದು ಚಾಲಕ ದೂರದಿಂದಲೇ ತಿಳಿಯುತ್ತಾನೆ. ಈ ಸರಳ ದೀಪ ಸೈರನ್ ಮಾಡಲಾಗದ ಕೆಲಸ ಮಾಡುತ್ತದೆ. ಒಂದು ತುರ್ತು ವಾಹನ ಇರುವುದನ್ನು ಇನ್ನೊಂದಕ್ಕೆ ತಿಳಿಸುತ್ತದೆ.

ಆದರೆ ಅಗ್ನಿಶಾಮಕ ವಾಹನಕ್ಕಿಂತಲೂ ಮೇಲಿನ ಸ್ಥಾನ ಇನ್ನೊಬ್ಬರಿಗಿದೆ. ಅದು ರೈಲು. ಅಮೆರಿಕದ ನಿಯಮದ ಶ್ರೇಣಿಯಲ್ಲಿ ಮೊದಲು ರೈಲು, ಆಮೇಲೆ ಏರುಸೇತುವೆ ಎತ್ತಿಸಿ ಸಾಗುವ ಹಡಗು, ಆಮೇಲೆ ಅಗ್ನಿಶಾಮಕ ವಾಹನ ಮತ್ತು ಆಂಬುಲೆನ್ಸ್, ಅವುಗಳ ಹಿಂದೆ ಪೊಲೀಸ್ ವಾಹನ, ಎಲ್ಲಕ್ಕೂ ಹಿಂದೆ ಬಸ್ಸು. ಬೇಗ ನಿಲ್ಲಲಾರದವರಿಗೆ ಮೊದಲ ಮಣೆ. ಈ ಶ್ರೇಣಿಯ ಹಿಂದಿನ ಕಾರಣವನ್ನು ಅರಿಯಲು ಇಲಿನಾಯ್ ರಾಜ್ಯದ ಫಾಕ್ಸ್ ರಿವರ್ ಗ್ರೋವ್ ಎಂಬ ಸಣ್ಣ ಊರಿಗೆ ಹೋಗಬೇಕು. ಅಲ್ಲಿ ರೈಲು ಹಳಿಯೂ ಹೆದ್ದಾರಿಯೂ ಅಕ್ಕಪಕ್ಕದಲ್ಲಿ ಸಾಗುತ್ತವೆ. ಹಳಿ ದಾಟಿದ ವಾಹನ ಕೆಲವೇ ಮೀಟರ್ ಮುಂದೆ ಹೆದ್ದಾರಿಯ ಸಿಗ್ನಲ್ಲಿಗೆ ನಿಲ್ಲಬೇಕು. 1995ರ ಅಕ್ಟೋಬರ್ 25ರ ಬೆಳಿಗ್ಗೆ ಶಾಲಾ ಬಸ್ಸೊಂದು ಹಳಿ ದಾಟಿ ಕೆಂಪು ದೀಪಕ್ಕೆ ನಿಂತಿತು. ಬಸ್ಸಿನ ಹಿಂಭಾಗ ಹಳಿಯ ಮೇಲೆ ಚಾಚಿಕೊಂಡಿತ್ತು. ರೈಲು ಬರುತ್ತಿರುವುದು ಸಿಗ್ನಲ್ಲಿಗೆ ತಿಳಿದಿತ್ತು. ಬಸ್ಸಿಗೆ ಹಸಿರು ಕೊಟ್ಟು ಮುಂದೆ ಸಾಗಹಾಕುವ ಏರ್ಪಾಟೂ ಇತ್ತು. ಆದರೆ ರೈಲ್ವೆಯವರು ಕೊಡುವ ಮುನ್ಸೂಚನೆಯ ಅವಧಿಗೂ, ರಸ್ತೆಯವರ ಪೆಟ್ಟಿಗೆಗೆ ಪಾದಚಾರಿ ಅವಧಿ, ಹಳದಿ, ಕೆಂಪು ಎಲ್ಲವನ್ನೂ ಮುಗಿಸಿ ಹಸಿರಿಗೆ ಬರಲು ಬೇಕಾದ ಅವಧಿಗೂ ತಾಳೆಯಿರಲಿಲ್ಲ. ಹಸಿರು ಬಂತು, ಬಸ್ಸು ಹೊರಡುವಷ್ಟು ಹೊತ್ತು ಉಳಿದಿರಲಿಲ್ಲ. ಏಳು ಮಕ್ಕಳು ಸತ್ತರು.

ಅಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎರಡು ಇಲಾಖೆಗಳು ತಮ್ಮ ತಮ್ಮ ಸೆಕೆಂಡುಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿದ್ದವು, ಎರಡನ್ನೂ ಒಂದೇ ಕಾಗದದ ಮೇಲೆ ಇಟ್ಟು ನೋಡಿದವರಿರಲಿಲ್ಲ. ಇದನ್ನು ಬರೆಯುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. ಸಿಗ್ನಲ್ಲನ್ನು ಬದಲಾಯಿಸುವ ವಿದ್ಯೆಯೆಂದರೆ ಕೊನೆಗೂ ಸೆಕೆಂಡುಗಳ ಲೆಕ್ಕ. ಯಾರಿಗೆ ದಾರಿ ಬೇಕು ಎಂಬುದಕ್ಕಿಂತ, ಅವರ ಮುಂದೆ ನಿಂತಿರುವವರು ತೆರವಾಗಲು ಎಷ್ಟು ಹೊತ್ತು ಬೇಕು ಎಂಬುದೇ ಆ ಲೆಕ್ಕದ ತಿರುಳು.

ಆಂಬುಲೆನ್ಸ್ ವಿಷಯದಲ್ಲೂ ಇದೇ ನಿಜ. ಕಾನೂನಿನ ಪ್ರಕಾರ ಅದು ಎಚ್ಚರಿಕೆಯಿಂದ ಕೆಂಪು ದೀಪವನ್ನೂ ದಾಟಬಹುದು. ಅದನ್ನು ತಡೆದು ನಿಲ್ಲಿಸುವುದು ದೀಪಕ್ಕಿಂತ ಹೆಚ್ಚಾಗಿ ದೀಪಕ್ಕೆ ಮಣಿದು ನಿಂತ ಸಾಲು. ಹಾಗಾಗಿ ಬೇಗ ಬರುವ ಹಸಿರಿನ ನಿಜವಾದ ಫಲಾನುಭವಿ ಆ ಸಾಲಿನ ಮುಂತುದಿಯಲ್ಲಿರುವ ಸ್ಕೂಟರ್ ಸವಾರ. ಅವನು ಹೊರಟರೆ ಆಂಬುಲೆನ್ಸ್ ಹೊರಟೀತು. ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಹಸಿರು ಬಿದ್ದಾಗ ಸಾಲಿನ ಎಲ್ಲ ವಾಹನಗಳೂ ಒಟ್ಟಿಗೆ ಹೊರಡುವುದಿಲ್ಲ. ಮೊದಲಿನವನು ಹೊರಟ ಮೇಲೆ ಎರಡನೆಯವನು, ಅವನಾದ ಮೇಲೆ ಮೂರನೆಯವನು. ಈ ‘ಹೊರಡುವ ಅಲೆ’ ಸಾಲಿನ ಹಿಂದಕ್ಕೆ ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ಸಾಗುತ್ತದೆ. ಸಾಲು 300 ಮೀಟರ್ ಉದ್ದವಿದ್ದರೆ ಹಸಿರು ಬಿದ್ದು ಒಂದು ನಿಮಿಷದವರೆಗೆ ಕೊನೆಯ ವಾಹನದ ಚಕ್ರ ಉರುಳುವುದೇ ಇಲ್ಲ.

ಬೆಳಕಿನ ಕೊಳವೆ ಆಂಬುಲೆನ್ಸನ್ನು ಗುರುತಿಸುವುದು ಹೆಚ್ಚೆಂದರೆ 760 ಮೀಟರ್ ದೂರದಿಂದ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಆಂಬುಲೆನ್ಸ್ ಅಲ್ಲಿಂದ 300 ಮೀಟರ್ ಸಾಲಿನ ಬಾಲಕ್ಕೆ ಬರಲು ಸುಮಾರು 55 ಸೆಕೆಂಡು ಬೇಕು. ಹಳದಿ, ಕೆಂಪು ಮುಗಿಸಿ ಬರುವ ಹಸಿರಿನ ಅಲೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಲ್ಲಿಗೆ ತಲುಪುತ್ತದೆ. ಅಂದರೆ ವ್ಯವಸ್ಥೆ ಕಷ್ಟಪಟ್ಟು ಗೆಲ್ಲುತ್ತದೆ. ಸಾಲು 600 ಮೀಟರ್ ಆದರೆ? ಆಂಬುಲೆನ್ಸ್ ಇಪ್ಪತ್ತು ಸೆಕೆಂಡಿನೊಳಗೆ ಬಾಲ ತಲುಪಿಬಿಡುತ್ತದೆ, ಅಲೆ ಅಲ್ಲಿಗೆ ಬರಲು ಎರಡು ನಿಮಿಷ. ಬಾಕಿ ಹೊತ್ತೆಲ್ಲ ಸೈರನ್ ಕೂಗುತ್ತ ನಿಲ್ಲುವುದೇ. ಸೇಂಟ್ ಪಾಲ್‌ನಂಥ ಊರಿಗೆ ಸಾಕಾಗುವ ಕೊಳವೆ ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಜಾಗಕ್ಕೆ ಏಕೆ ಸಾಲದು ಎಂಬುದಕ್ಕೆ ಈ ಎರಡು ಸಾಲಿನ ಲೆಕ್ಕವೇ ಉತ್ತರ.

ಅಮೆರಿಕದಲ್ಲಿ ಫಲಿತಾಂಶ ಚೆನ್ನಾಗಿಯೇ ಬಂದಿದೆ. ವರ್ಜೀನಿಯದ ಫೇರ್‌ಫ್ಯಾಕ್ಸ್ ಕೌಂಟಿಯ ಅಗ್ನಿಶಾಮಕ ದಳದವರು ತಮ್ಮ ಹೆದ್ದಾರಿಯೊಂದರ ಮೇಲೆ ಪ್ರತಿ ಜಂಕ್ಷನ್ನಿಗೆ 30ರಿಂದ 45 ಸೆಕೆಂಡು ಉಳಿತಾಯವಾಗುವುದನ್ನು ಕಂಡರು. ಟೆಕ್ಸಾಸಿನ ಪ್ಲೇನೊ ನಗರದಲ್ಲಿ ತುರ್ತು ವಾಹನಗಳು ಜಂಕ್ಷನ್ನಿನಲ್ಲಿ ಡಿಕ್ಕಿಯಾಗುವುದು ವರ್ಷಕ್ಕೆ ಸರಾಸರಿ 2.3ರಿಂದ ಐದು ವರ್ಷಕ್ಕೆ ಒಂದಕ್ಕೂ ಕಡಿಮೆಯಾಯಿತು. ಈ ಎರಡನೆಯ ಅಂಕಿಯೇ ನನಗೆ ದೊಡ್ಡದು. ಉಳಿತಾಯದ ಸೆಕೆಂಡುಗಳೂ ಚಿಕ್ಕವಲ್ಲ. ಹೃದಯ ಸ್ತಂಭಿಸಿ ಬಿದ್ದವರಿಗೆ ಎದೆ ಒತ್ತುವವರಿಲ್ಲದೆ, ವಿದ್ಯುತ್ ಆಘಾತದ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತದೆ. ದಾರಿಯಲ್ಲಿ ನಾಲ್ಕು ಜಂಕ್ಷನ್ ಇದ್ದರೆ ಉಳಿಯುವ ಎರಡು ನಿಮಿಷದಲ್ಲಿ ಎಷ್ಟು ಅಡಗಿದೆ ಎಂದು ಓದುಗರೇ ಲೆಕ್ಕ ಹಾಕಬಹುದು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ರಸ್ತೆಯ ಸಿಗ್ನಲ್‌ಗಳು ಒಂದಕ್ಕೊಂದು ಹೊಂದಿಕೊಂಡು ಓಡುತ್ತಿರುತ್ತವೆ. ಒಂದು ಕೋರಿಕೆ ಆ ಹೊಂದಿಕೆಯನ್ನು ಮುರಿದರೆ ಮತ್ತೆ ಹಳಿಗೆ ಬರಲು ಕೆಲವು ಸುತ್ತು ಬೇಕು. ಅಷ್ಟು ಹೊತ್ತು ಅಡ್ಡ ರಸ್ತೆಯವರು ಕಾಯುತ್ತಾರೆ. ಒಂದು ಪ್ರಾಣದ ಎದುರು ಇದು ದೊಡ್ಡ ಬೆಲೆಯಲ್ಲ.

ಕರ್ನಾಟಕಕ್ಕೆ ಬರೋಣ. 108ಕ್ಕೆ ಕರೆ ಮಾಡಿದರೆ ಬರುವ ‘ಆರೋಗ್ಯ ಕವಚ’ ಆಂಬುಲೆನ್ಸ್‌ಗಳು 2008ರ ನವೆಂಬರ್ 1ರಿಂದ ಓಡುತ್ತಿವೆ. ಅವುಗಳಿಗೆ ದಾರಿ ಮಾಡಿಕೊಡುವ ಕೆಲಸ ಬಹುಮಟ್ಟಿಗೆ ಇಂದಿಗೂ ಜಂಕ್ಷನ್ನಿನಲ್ಲಿ ನಿಂತ ಸಂಚಾರ ಪೊಲೀಸರ ಕೈಯಲ್ಲಿದೆ. ಅವರು ಸಿಗ್ನಲ್ ಪೆಟ್ಟಿಗೆ ತೆರೆದು, ಯಾಂತ್ರಿಕ ಸರದಿಯನ್ನು ನಿಲ್ಲಿಸಿ, ಕೈಯಾರೆ ಹಸಿರು ಕೊಡುತ್ತಾರೆ. ಅಂಗಾಂಗ ಸಾಗಣೆಗೋ ಎಳೆಮಗುವನ್ನು ಸಾಗಿಸಲೋ ನಾವು ‘ಝೀರೋ ಟ್ರಾಫಿಕ್’ ಎಂದು ಕರೆಯುವ ಏರ್ಪಾಟು ಇದೇ ಕೆಲಸದ ದೊಡ್ಡ ರೂಪ. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ ಶಿಶುವೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ, ಘಾಟಿ ಹತ್ತಿಸಿ, ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದ್ದನ್ನು ನಾಡೇ ಉಸಿರು ಬಿಗಿಹಿಡಿದು ನೋಡಿತು. ದಾರಿಯುದ್ದಕ್ಕೂ ಪೊಲೀಸರೂ ಸ್ವಯಂಸೇವಕರೂ ಊರಿನವರೂ ನಿಂತು, ವಾಹನ ಬರುವುದಕ್ಕೆ ಬಹಳ ಮೊದಲೇ ರಸ್ತೆ ತೆರವು ಮಾಡಿದ್ದರು. ಅಲ್ಲಿ ಕೆಲಸ ಮಾಡಿದ್ದು ಸಾಲನ್ನು ಮೊದಲೇ ಕರಗಿಸುವ ತಂತ್ರ. ಮೇಲಿನ ಗಣಿತವನ್ನು ಅವರು ಅನುಭವದಿಂದಲೇ ಬಲ್ಲರು.

ಯಂತ್ರಕ್ಕೂ ಈ ಮುಂಗಾಣ್ಕೆ ಬರಬೇಕಾದರೆ ಬೆಳಕಿಗಿಂತ ಜಿಪಿಎಸ್ ವಾಸಿ. ಅದಕ್ಕೆ ಕಟ್ಟಡ, ಮರ, ತಿರುವುಗಳ ಅಡ್ಡಿ ಕಡಿಮೆ. ವಾಹನ ಎಲ್ಲಿದೆ, ಎತ್ತ ಹೊರಟಿದೆ, ಯಾವ ಆಸ್ಪತ್ರೆಗೆ ಎಂಬುದು ಗೊತ್ತಿದ್ದರೆ ನಾಲ್ಕು ಜಂಕ್ಷನ್ ಮುಂದಿನ ಸಾಲನ್ನೂ ಈಗಲೇ ಕರಗಿಸತೊಡಗಬಹುದು. ಬೆಂಗಳೂರು ಸಂಚಾರ ಪೊಲೀಸರು 2024ರ ಜನವರಿಯಲ್ಲಿ ಬಳಕೆಗೆ ತಂದ ‘ಅಸ್ತ್ರಂ’ ವ್ಯವಸ್ಥೆ ನಗರದ ಸಂಚಾರದ ಮಾಹಿತಿಯನ್ನು ಒಂದೆಡೆ ತರುತ್ತದೆ. ಆಂಬುಲೆನ್ಸ್ ಚಾಲಕರು ತಮ್ಮ ದಾರಿಯನ್ನೂ ತುರ್ತಿನ ಮಟ್ಟವನ್ನೂ ತಿಳಿಸಲು ‘ಇ-ಪಥ್’ ಎಂಬ ಆ್ಯಪ್ ಬಂದಿದೆ. ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ಭಾರತದ ರಸ್ತೆಗಳಿಗೆಂದೇ ರೂಪಿಸಿದ ಕೋಸಿಕಾಸ್ಟ್ ಎಂಬ ಕ್ರಮವಿಧಿ ಬೆಂಗಳೂರಿನ ಸಿಗ್ನಲ್‌ಗಳನ್ನು ವಾಹನದಟ್ಟಣೆಗೆ ತಕ್ಕಂತೆ ಹೊಂದಿಸುತ್ತದೆ. ಬೇಕಾದ ಬಿಡಿಭಾಗಗಳು ನಮ್ಮಲ್ಲಿಯೇ ಇವೆ. ಅವು ಒಂದರೊಡನೊಂದು ಮಾತಾಡಬೇಕು, ಆ ಮಾತು ಸಾಕಷ್ಟು ಮೊದಲೇ ಆಗಬೇಕು. ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಎರಡು ಇಲಾಖೆಗಳ ನಡುವೆ ಆಗದೆ ಹೋದದ್ದು ಅದೇ.

ಆದರೂ ಒಂದು ಮಿತಿಯನ್ನು ಯಾವ ಜಿಪಿಎಸ್ಸೂ ದಾಟಲಾರದು. ಮುಂದಿನ ಜಂಕ್ಷನ್ ತುಂಬಿ ಅದರ ಸಾಲು ಹಿಂದಿನ ಜಂಕ್ಷನ್ನಿನವರೆಗೆ ಬಂದಿದ್ದರೆ ಹಸಿರು ಕೊಟ್ಟೂ ಪ್ರಯೋಜನವಿಲ್ಲ, ಹೊರಡಲು ಜಾಗವೇ ಇರುವುದಿಲ್ಲ. ಸಂಜೆ ಆರರ ಬೆಂಗಳೂರಿನಲ್ಲಿ ಇದು ದಿನನಿತ್ಯದ ಸ್ಥಿತಿ. ಆಗ ಉಳಿಯುವ ದಾರಿ ಒಂದೇ: ಒಂದು ವಾಹನದಷ್ಟು ಅಗಲದ ಜಾಗವನ್ನು ರಸ್ತೆಯಲ್ಲಿ ಸದಾ ಖಾಲಿ ಇಡುವುದು. ಸಿಗ್ನಲ್ಲಿಗೆ ಹಾಕುವ ಹಣದ ಜೊತೆಗೆ ಆಸ್ಪತ್ರೆಗೆ ಹೋಗುವ ಮುಖ್ಯ ರಸ್ತೆಗಳಲ್ಲಾದರೂ ಬಸ್ಸಿಗೂ ಆಂಬುಲೆನ್ಸಿಗೂ ಮೀಸಲಾದ ಪಥವೊಂದನ್ನು ಉಳಿಸಿಕೊಳ್ಳದಿದ್ದರೆ ಪೆಟ್ಟಿಗೆಯೊಳಗಿನ ಬುದ್ಧಿ ಎಷ್ಟಿದ್ದರೂ ವ್ಯರ್ಥ ಎಂದೇ ನನ್ನ ಅಭಿಪ್ರಾಯ.

ದಾರಿ ಬಿಡದವರಿಗೆ ಕಾನೂನಿನಲ್ಲಿ ಶಿಕ್ಷೆ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಇ ಕಲಮಿನ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಶಿಕ್ಷೆಗೆ ಹೆದರುವುದಕ್ಕಿಂತ ಕೆಲಸದ ಕ್ರಮ ತಿಳಿದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮ್ಮ ಊರಿನ ಸಿಗ್ನಲ್ಲುಗಳು ಇನ್ನು ಮುಂದೆ ಹೆಚ್ಚುಹೆಚ್ಚಾಗಿ ತಮ್ಮ ಸರದಿ ಮುರಿಯಲಿವೆ. ನಿಮ್ಮ ಹಸಿರು ಅರ್ಧಕ್ಕೇ ಮುಗಿದರೆ ಹಳದಿಯಲ್ಲಿ ನುಗ್ಗಬೇಡಿ; ಅಡ್ಡ ರಸ್ತೆಯಿಂದ ಬರುತ್ತಿರುವುದು ಆಂಬುಲೆನ್ಸ್ ಇರಬಹುದು, ಅದರ ಹಿಂದೆ ಇನ್ನೊಂದೂ ಇರಬಹುದು. ನೀವು ಸಾಲಿನ ಮುಂತುದಿಯಲ್ಲಿದ್ದು ನಿರೀಕ್ಷೆಗೆ ಮೊದಲೇ ಹಸಿರು ಬಂದರೆ, ಫೋನಿನಿಂದ ತಲೆಯೆತ್ತಿ ತಕ್ಷಣ ಹೊರಡಿ. ಮುಂದೆ ಹೋಗಿ ಎಡಕ್ಕೆ ಸರಿಯಿರಿ. ನಿಮ್ಮ ಒಂದೆರಡು ಸೆಕೆಂಡಿನ ವಿಳಂಬ ಹಿಂದಿನ ಪ್ರತಿ ವಾಹನವನ್ನೂ ದಾಟಿ, ಸಾಲಿನ ಕೊನೆಯಲ್ಲಿ ಸಿಕ್ಕಿಬಿದ್ದಿರುವ ರೋಗಿಯವರೆಗೂ ತಲುಪುತ್ತದೆ.